ಕಜ್ಜಾಯ ಬಿರಿಯುವುದು ಯಾರ ಕಣ್ಣಿನಿಂದಲೂ ಅಲ್ಲ

ಚಾಮರಾಜನಗರಕ್ಕೆ ಕಾಲಿಟ್ಟ ಮುಖ್ಯಮಂತ್ರಿಯ ಕುರ್ಚಿ ಉಳಿಯುವುದಿಲ್ಲ ಎಂಬ ಮಾತನ್ನು ಈ ರಾಜ್ಯ ದಶಕಗಳ ಕಾಲ ನಂಬಿತು. 1997ರಲ್ಲಿ ಜಿಲ್ಲೆಯಾದ ಮೇಲೂ ಎಷ್ಟೋ ಮುಖ್ಯಮಂತ್ರಿಗಳು ಜಿಲ್ಲಾ ಕೇಂದ್ರದತ್ತ ತಲೆ ಹಾಕಲಿಲ್ಲ. ಸಿದ್ದರಾಮಯ್ಯ 2013ರಿಂದ 2018ರ ನಡುವೆ ಹಲವು ಸಲ ಬಂದರು, ಐದು ವರ್ಷ ಪೂರ್ತಿ ಆಳಿದರು. ಮಾತು ಮಾತ್ರ ಇನ್ನೂ ಸತ್ತಿಲ್ಲ. ಒಂದು ವದಂತಿಯಿಂದ ಇಷ್ಟು ನೊಂದ ಊರಿನವರಾದ ನಾವು ಅಡುಗೆಮನೆಯಲ್ಲಿ, ಕೊಟ್ಟಿಗೆಯಲ್ಲಿ, ಜಗುಲಿಯ ಮೇಲೆ ಅಂಥವೇ ಹತ್ತಾರು ಮಾತುಗಳನ್ನು ಸಾಕಿಕೊಂಡಿದ್ದೇವೆ. ಹಬ್ಬ ಹತ್ತಿರವಾದಂತೆ ಅವು ಒಂದೊಂದಾಗಿ ಎದ್ದು ಬರುತ್ತವೆ. ಎಲ್ಲವೂ ಕೆಟ್ಟವಲ್ಲ, ಎಲ್ಲವೂ ನಿರುಪದ್ರವಿಯೂ ಅಲ್ಲ. ಕೆಲವನ್ನು ಇಲ್ಲಿ ಬಿಡಿಸಿ ನೋಡಬಹುದು.

ಎಣ್ಣೆಗೆ ಬಿಟ್ಟ ಕಜ್ಜಾಯ ಬಿರಿದು ಚೂರಾದರೆ ಯಾರದೋ ಕಣ್ಣು ಬಿದ್ದಿದೆ, ಇಲ್ಲವೇ ಮುಟ್ಟಾದವರ ನೆರಳು ಸೋಕಿದೆ ಎನ್ನುವುದು ದೀಪಾವಳಿಯ ಮಾತು. ಆಗ ಒಲೆಯ ಮುಂದೆಯೇ ಉಪ್ಪು ಮೆಣಸಿನಕಾಯಿ ನಿವಾಳಿಸುತ್ತಾರೆ, ಮನೆಯ ಹೆಣ್ಣುಮಗಳೊಬ್ಬಳನ್ನು ಹಿತ್ತಿಲಿಗೆ ಕಳಿಸುತ್ತಾರೆ.

ವಾಸ್ತವ: ಕಜ್ಜಾಯದ ಹಣೆಬರಹ ಎರಡು ಕಡೆ ನಿರ್ಧಾರವಾಗುತ್ತದೆ. ಒಂದು ಅಕ್ಕಿಯ ತೇವ, ಇನ್ನೊಂದು ಬೆಲ್ಲದ ಪಾಕ. ನೆನೆಸಿದ ಅಕ್ಕಿಯನ್ನು ನೆರಳಲ್ಲಿ ಬಟ್ಟೆಯ ಮೇಲೆ ಹರವಿದಾಗ ನೀರು ಆರಬೇಕು, ತಣುಪು ಉಳಿಯಬೇಕು. ಬೀಸಿದ ಹಿಟ್ಟನ್ನು ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಿ ನಿಲ್ಲಬೇಕು, ಬೆರಳಿಟ್ಟರೆ ಉದುರಬೇಕು. ಪಾಕದ ಹನಿಯನ್ನು ಬಟ್ಟಲು ನೀರಿಗೆ ಬಿಟ್ಟರೆ ಕರಗಿ ಹೋಗದೆ, ಬೆರಳಿಗೆ ಸಿಕ್ಕಿ ಮೆತ್ತನೆಯ ಉಂಡೆಯಾಗಬೇಕು. ಥರ್ಮಾಮೀಟರ್ ಇಟ್ಟು ನೋಡಿದರೆ ಅದು ಸುಮಾರು 112ರಿಂದ 116 ಡಿಗ್ರಿ ಸೆಲ್ಸಿಯಸ್. ಪಾಕ ಎಳೆಯದಾದರೆ ಹಿಟ್ಟಿನಲ್ಲಿ ನೀರು ಹೆಚ್ಚುತ್ತದೆ. ಕಾದ ಎಣ್ಣೆಯಲ್ಲಿ ಆ ನೀರು ಆವಿಯಾಗಿ ನುಗ್ಗುತ್ತದೆ, ಹಿಡಿದಿಡಬೇಕಾದ ಬೆಲ್ಲ ಕರಗುತ್ತದೆ, ಕಜ್ಜಾಯ ಚೆದುರುತ್ತದೆ. ಪಾಕ ಬಲಿತರೆ ಚೆದುರುವುದಿಲ್ಲ, ಹಲ್ಲಿಗೆ ಸವಾಲಾಗುತ್ತದೆ.

ಹಿಟ್ಟನ್ನು ಒಂದೆರಡು ದಿನ ಮುಚ್ಚಿಡುವುದು ಶಾಸ್ತ್ರಕ್ಕಾಗಿ ಅಲ್ಲ, ತೇವ ಎಲ್ಲೆಡೆ ಸಮನಾಗಲಿ ಎಂದು. ಇಷ್ಟಾದ ಮೇಲೂ ಮೊದಲ ಕಜ್ಜಾಯ ಬಿರಿದರೆ ಹಿಟ್ಟಿಗೆ ಒಂದು ಹಿಡಿ ಅಕ್ಕಿಹಿಟ್ಟು ಸೇರಿಸಿ ನಾದಬೇಕು. ಗಟ್ಟಿಯಾದರೆ ಬೆಚ್ಚನೆಯ ಹಾಲು ಚಿಮುಕಿಸಬೇಕು. ಉರಿ ಮಧ್ಯಮವಿರಲಿ. ನಿವಾಳಿಸಿದ ಮೇಲೆ ಕಜ್ಜಾಯ ಸರಿಹೋಯಿತು ಎನ್ನುವವರೂ ಸುಳ್ಳು ಹೇಳುತ್ತಿಲ್ಲ. ನಿವಾಳಿಸುವಷ್ಟು ಹೊತ್ತಿನಲ್ಲಿ ಎಣ್ಣೆಯ ಕಾವು ಬದಲಾಗಿರುತ್ತದೆ, ಹಿಟ್ಟು ಇನ್ನಷ್ಟು ಬಿಗಿದಿರುತ್ತದೆ. ಮುಟ್ಟಿಗೂ ಪಾಕಕ್ಕೂ ಯಾವ ದಾರಿಯಿಂದಲೂ ಸಂಬಂಧವಿಲ್ಲ. ಬಾಣಲೆಯ ಮುಂದೆ ಕೂತವರ ಕೈಚಳಕ ಕೆಟ್ಟಿತು ಎನ್ನಲು ಮನಸ್ಸಾಗದೆ, ಬಾಣಲೆಯಿಂದ ದೂರ ಇದ್ದವಳ ಮೇಲೆ ತಪ್ಪು ಹೊರಿಸುತ್ತಾ ಬಂದೆವು ಅಷ್ಟೆ.

ಹಳದಿ ಹೊಳಪಿನ ಬೆಲ್ಲವೇ ಶುದ್ಧ, ಕಂದು ಬೆಲ್ಲದಲ್ಲಿ ಕೊಳೆಯಿದೆ, ಹಬ್ಬಕ್ಕೆ ಅದು ಬೇಡ ಎನ್ನುತ್ತೇವೆ.

ವಾಸ್ತವ: ಕಬ್ಬಿನ ಹಾಲನ್ನು ಕೊಪ್ಪರಿಗೆಯಲ್ಲಿ ಕುದಿಸಿದರೆ ಸಹಜವಾಗಿ ಬರುವುದು ಕಂದು ಛಾಯೆಯೇ. ಆಲೆಮನೆಯಲ್ಲಿ ಮೊದಲು ಬೆಂಡೆ ಗಿಡದ ಲೋಳೆ, ಒಂದಿಷ್ಟು ಸುಣ್ಣ ಹಾಕಿ ಕೊಳೆ ತೆಗೆಯುತ್ತಿದ್ದರು. ಬಣ್ಣ ತಿಳಿಯಾಗಲಿ ಎಂದು ಈಗ ಅನೇಕ ಕಡೆ ಹೈಡ್ರೋಸ್ ಎಂಬ ರಾಸಾಯನಿಕ ಹಾಕುತ್ತಾರೆ. ನಾವು ಹಳದಿ ಕೇಳಿದೆವು, ಅವರು ಹಳದಿ ಮಾಡಿಕೊಟ್ಟರು. ಹಾಗೆಂದು ಕಪ್ಪಾದದ್ದೆಲ್ಲ ಸಾಚಾ ಎನ್ನುವ ಹೊಸ ನಂಬಿಕೆಗೂ ಆಧಾರವಿಲ್ಲ. ಕಬ್ಬಿನ ತಳಿ, ಮಣ್ಣು, ಹೆಚ್ಚು ಕಾದದ್ದು, ಹಳೆಯದಾದದ್ದು ಇವೆಲ್ಲವೂ ಬಣ್ಣವನ್ನು ಬದಲಿಸುತ್ತವೆ. ಕಣ್ಣಿಗೆ ಕಾಣುವ ಬಣ್ಣದಿಂದ ತೀರ್ಪು ಕೊಡುವುದಕ್ಕಿಂತ ಆಲೆಮನೆಯವರನ್ನೇ ಕೇಳುವುದು ವಾಸಿ. ನಮ್ಮ ಜಿಲ್ಲೆಯಲ್ಲಿ ಆಲೆಮನೆ ಹುಡುಕಿಕೊಂಡು ಬಹಳ ದೂರ ಹೋಗಬೇಕಿಲ್ಲ.

ಸಂಕ್ರಾಂತಿಯ ಸಕ್ಕರೆ ಅಚ್ಚು ಮನೆಯಲ್ಲಿ ಆಗುವ ಕೆಲಸವಲ್ಲ, ಆದರೂ ಬೆಳ್ಳಗಾಗಬೇಕಾದರೆ ನಿಂಬೆರಸ ಧಾರಾಳವಾಗಿ ಹಿಂಡಬೇಕು ಎಂಬುದು ಇನ್ನೊಂದು.

ವಾಸ್ತವ: ನಿಂಬೆರಸ ಹೆಚ್ಚಾದರೆ ಅಚ್ಚು ಕೂಡುವುದೇ ಇಲ್ಲ. ಹುಳಿ ಬಿದ್ದ ಪಾಕದಲ್ಲಿ ಸಕ್ಕರೆ ಒಡೆದು ಗ್ಲೂಕೋಸ್, ಫ್ರಕ್ಟೋಸ್ ಆಗುತ್ತದೆ, ಅವು ಹರಳುಗಟ್ಟುವುದನ್ನು ತಡೆಯುತ್ತವೆ. ಜಾಮೂನಿನ ಪಾಕ ಗಟ್ಟಿಯಾಗದಿರಲಿ ಎಂದು ನಿಂಬೆ ಹಿಂಡುವುದು ಇದೇ ಕಾರಣಕ್ಕೆ. ಅಲ್ಲಿ ಬೇಡದ ಹರಳು ಇಲ್ಲಿ ಬೇಕೇಬೇಕು. ಅಚ್ಚಿನ ಬಿಳುಪು ಬರುವುದು ಕೈಯಾಡಿಸುವುದರಿಂದ. ಕುದಿದ ಪಾಕವನ್ನು ಬಿಡದೆ ಕಲಕಿದಾಗ ಕೋಟಿಗಟ್ಟಲೆ ಸಣ್ಣ ಹರಳುಗಳಾಗುತ್ತವೆ. ಬೆಳಕು ಅವುಗಳಲ್ಲಿ ಚೆದುರಿ ಪಾಕ ಹಾಲಿನಂತೆ ಕಾಣುತ್ತದೆ. ಕೊಳೆ ತೆಗೆಯಲು ಒಂದೆರಡು ಚಮಚ ಹಾಲು ಸಾಕು: ಕುದಿಯುವಾಗ ಹಾಲು ಒಡೆದು ಕೊಳೆಯನ್ನು ಹಿಡಿದುಕೊಂಡು ನೊರೆಯಾಗಿ ಮೇಲೆ ಬರುತ್ತದೆ. ಅದನ್ನು ತೆಗೆದು ತೆಳು ಬಟ್ಟೆಯಲ್ಲಿ ಸೋಸಬೇಕು.

ಮಿಕ್ಕಿದ್ದು ಅಭ್ಯಾಸ. ಸಕ್ಕರೆ ಮುಳುಗುವಷ್ಟೇ ನೀರು. ಮರದ ಅಚ್ಚುಗಳನ್ನು ಹಿಂದಿನ ರಾತ್ರಿಯೇ ನೀರಲ್ಲಿ ನೆನೆಸಿಡಬೇಕು, ಏಕೆಂದರೆ ಒಣ ಮರ ಪಾಕವನ್ನು ಹೀರಿ ಕಚ್ಚಿಕೊಳ್ಳುತ್ತದೆ, ನೆನೆದ ಮರ ಬಿಡುತ್ತದೆ. ಎರಡು ಹೋಳನ್ನು ರಬ್ಬರ್ ಬ್ಯಾಂಡಿನಿಂದ ಬಿಗಿದು, ಸೋಸಿದ ಪಾಕದಲ್ಲಿ ಒಂದೊಂದು ಸೌಟನ್ನೇ ಸಣ್ಣ ಪಾತ್ರೆಯಲ್ಲಿ ಮತ್ತೆ ಕುದಿಸಿ, ಮಬ್ಬಾಗುವವರೆಗೆ ತಿರುವಿ ಸುರಿಯಬೇಕು. ಇಡೀ ಪಾತ್ರೆಯನ್ನು ಒಮ್ಮೆಗೇ ಹದಕ್ಕೆ ತಂದರೆ ನಾಲ್ಕು ಅಚ್ಚು ತುಂಬುವುದರೊಳಗೆ ಉಳಿದದ್ದು ಪಾತ್ರೆಯಲ್ಲೇ ಕಲ್ಲಾಗುತ್ತದೆ. ಬಹಳಷ್ಟು ಮನೆಗಳು ಕೈಬಿಟ್ಟದ್ದು ಇಲ್ಲಿಯೇ. ಬಣ್ಣ ಬೇಕೆಂದರೆ ತಿನ್ನುವ ಬಣ್ಣವನ್ನೇ ಹಾಕಬೇಕು, ಓಕುಳಿಗೆ ತಂದ ಪುಡಿಯನ್ನಲ್ಲ.

ಎಳ್ಳುಬೆಲ್ಲ ಮಾಡುವ ಬಗೆ ಋಷಿಮುನಿಗಳ ಕಾಲದಿಂದ ಒಂದಿಷ್ಟೂ ಬದಲಾಗಿಲ್ಲ, ಅಳತೆ ತಪ್ಪಿದರೆ ಅಪಚಾರ.

ವಾಸ್ತವ: ಅದರೊಳಗಿನ ಕಡಲೆಕಾಯಿ ಬೀಜ ದಕ್ಷಿಣ ಅಮೆರಿಕದ್ದು. ಪೋರ್ಚುಗೀಸರು ಬಂದ ಮೇಲಷ್ಟೇ ನಮ್ಮ ನೆಲ ಕಂಡದ್ದು. ಎಳ್ಳು, ಬೆಲ್ಲ, ಕೊಬ್ಬರಿ ಹಳೆಯವು. ಯಾರೋ ಒಬ್ಬ ಅಜ್ಜಿ ಧೈರ್ಯ ಮಾಡಿ ಕಡಲೆಕಾಯಿ ಸೇರಿಸಿದ್ದಕ್ಕೆ ಇವತ್ತಿನ ರುಚಿ. ಕಡಲೆಕಾಯಿ ಒಗ್ಗದ ಮಕ್ಕಳಿರುವ ಮನೆಯಲ್ಲಿ ಅದನ್ನು ಬಿಟ್ಟು ಮಾಡಿದರೆ ಯಾವ ಸಂಕ್ರಾಂತಿಯೂ ಮುನಿಸಿಕೊಳ್ಳುವುದಿಲ್ಲ.

ಸಂಕ್ರಾಂತಿಯ ಸಂಜೆ ದನಗಳಿಗೆ ಕಿಚ್ಚು ಹಾಯಿಸಿದರೆ ಮೈಮೇಲಿನ ಉಣ್ಣೆ ಸುಟ್ಟು ಸಾಯುತ್ತದೆ, ವರ್ಷವಿಡೀ ಕಾಯಿಲೆ ಬಾರದು ಎಂಬ ಮಾತು ಹಳೆಯ ಮೈಸೂರು ಸೀಮೆಯಲ್ಲೆಲ್ಲ ಇದೆ. ಈಚೆಗೆ ಇದಕ್ಕೆ ವೈಜ್ಞಾನಿಕ ಎಂಬ ಮುದ್ರೆಯನ್ನೂ ಒತ್ತಲಾಗಿದೆ.

ವಾಸ್ತವ: ಉಣ್ಣೆ ಕಚ್ಚಿಕೊಳ್ಳುವುದು ಕಿವಿಯ ಒಳಗೆ, ಬಾಲದ ಬುಡದಲ್ಲಿ, ಕೆಚ್ಚಲ ಸಂದಿಯಲ್ಲಿ. ಒಂದು ಕ್ಷಣದ ಹುಲ್ಲಿನ ಉರಿ ಅಲ್ಲಿಗೆ ಮುಟ್ಟುವುದಿಲ್ಲ. ಮುಟ್ಟಿದರೆ ಮೊದಲು ಸುಡುವುದು ಕೆಚ್ಚಲು. ಉಣ್ಣೆ ಮೊಟ್ಟೆಯಿಡುವುದು ದನದ ಮೇಲಲ್ಲ, ಕೊಟ್ಟಿಗೆಯ ಬಿರುಕಿನಲ್ಲಿ, ನೆಲದಲ್ಲಿ. ಬೆಂಕಿ ದಾಟಿ ಬಂದ ದನ ರಾತ್ರಿ ಅದೇ ಕೊಟ್ಟಿಗೆಯಲ್ಲಿ ಮಲಗುತ್ತದೆ. ಹಬ್ಬದ ನಿಜವಾದ ಉಪಕಾರ ಬೆಳಿಗ್ಗೆಯೇ ಆಗಿರುತ್ತದೆ: ಕೆರೆಯಲ್ಲಿ ಮೈ ತಿಕ್ಕಿ ತೊಳೆದು, ಗೊರಸು ನೋಡಿ, ಉಣ್ಣೆ ಆರಿಸಿ ತೆಗೆದದ್ದು. ಅದಕ್ಕೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ. ಗೇಟಿಗೆ ಬಳಿಯುವ ಎಣ್ಣೆ ಬಣ್ಣವನ್ನು ಕೊಂಬಿಗೆ ಹಚ್ಚುವವರೂ ಒಮ್ಮೆ ಯೋಚಿಸಬೇಕು, ದನಗಳು ಒಂದನ್ನೊಂದು ನೆಕ್ಕುತ್ತವೆ. ಮನೆಗಳ ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದೆಂಬ ನಿಯಮ ಜಾರಿಗೆ ಬಂದದ್ದೇ 2017ರಲ್ಲಿ. ಮೂಲೆಯಲ್ಲಿ ಉಳಿದ ಹಳೆಯ ಡಬ್ಬಿಗೆ ಆ ನಿಯಮ ಗೊತ್ತಿಲ್ಲ. ಅರಿಸಿನ, ಕೆಮ್ಮಣ್ಣು ಇದ್ದೇ ಇವೆ.

ಬಾಗಿಲ ಮುಂದಿನ ರಂಗೋಲಿ ಇರುವೆಗಳಿಗೆ ಅನ್ನದಾನ ಎನ್ನುತ್ತೇವೆ.

ವಾಸ್ತವ: ಅಕ್ಕಿಹಿಟ್ಟಿನದಾದರೆ ಹೌದು. ಅಂಗಡಿಯ ರಂಗೋಲಿ ಪುಡಿ ಕಲ್ಲಿನದು.

ಯುಗಾದಿಯಂದು ಬೇವು ತಿಂದವರಿಗೆ ವರ್ಷವಿಡೀ ರೋಗ ತಟ್ಟದು.

ವಾಸ್ತವ: ಬೇವಿನ ಸಾರಕ್ಕೆ ಸೂಕ್ಷ್ಮಾಣುಗಳನ್ನು ತಡೆಯುವ ಗುಣವಿದೆ, ಪ್ರಯೋಗಾಲಯದಲ್ಲಿ ಅದು ಕಂಡಿದೆ. ಆದರೆ ಬೆಲ್ಲದಲ್ಲಿ ಮುಚ್ಚಿ ನುಂಗಿದ ನಾಲ್ಕು ಹೂ ದೇಹದಲ್ಲಿ ವರ್ಷ ಉಳಿಯುವುದಿಲ್ಲ. ಯುಗಾದಿಯ ಹೊತ್ತಿಗೆ ಬೇವು ಹೂ ಬಿಡುತ್ತದೆ, ಸಿಹಿಯ ಜೊತೆ ಕಹಿಯೂ ಇರಲಿ ಎಂದು ಹಿರಿಯರು ಅದನ್ನು ತಟ್ಟೆಗೆ ತಂದರು. ಅಷ್ಟಕ್ಕೇ ಬಿಟ್ಟರೆ ಚೆಂದ. ಬಿಡದವರು ಹೆಜ್ಜೆ ಮುಂದೆ ಹೋಗಿ ಎಳೆಗೂಸಿಗೆ ಬೇವಿನ ಎಣ್ಣೆ ಕುಡಿಸುತ್ತಾರೆ. ಇದು ಅಪಾಯ. ಬೇವಿನ ಎಣ್ಣೆ ಕುಡಿದ ಕೂಸುಗಳಲ್ಲಿ ಫಿಟ್ಸ್, ಯಕೃತ್ತಿನ ಹಾನಿ ಆದದ್ದು ವೈದ್ಯರ ದಾಖಲೆಯಲ್ಲಿದೆ, ಸಾವೂ ಆಗಿದೆ.

ಗಣಪತಿ ಅಂಗಡಿಯಿಂದಲೇ ಬರಬೇಕು, ದೊಡ್ಡದಿರಬೇಕು, ಪ್ಲಾಸ್ಟರ್ ಆಫ್ ಪ್ಯಾರಿಸ್ ಕೂಡ ಒಂದು ಬಗೆಯ ಬಿಳಿ ಜೇಡಿಮಣ್ಣೇ.

ವಾಸ್ತವ: ಅದು ಮಣ್ಣಲ್ಲ, ಕಾಯಿಸಿ ನೀರು ತೆಗೆದ ಜಿಪ್ಸಂ. ನೀರು ಬಿದ್ದರೆ ಕರಗುವ ಬದಲು ಗಟ್ಟಿಯಾಗುವುದೇ ಅದರ ಗುಣ, ಅದಕ್ಕೇ ಮುರಿದ ಕೈಗೆ ಅದನ್ನು ಕಟ್ಟುತ್ತಾರೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2020ರ ಮಾರ್ಗಸೂಚಿಯಲ್ಲಿ ಅಂಥ ಮೂರ್ತಿಗಳು ಬೇಡವೆಂದಿತು. ಮಳೆ ಕಡಿಮೆಯಿರುವ ನಮ್ಮ ಸೀಮೆಯ ಕೆರೆಗಳಿಗೆ ಆ ಮಾತು ಇನ್ನೂ ಹೆಚ್ಚು ಅನ್ವಯಿಸುತ್ತದೆ. ಗಾತ್ರದ ವಿಚಾರಕ್ಕೆ ಬಂದರೆ, ನಮ್ಮ ಹಳ್ಳಿಗಳ ಬೆನಕ ಯಾವತ್ತೂ ಮುಷ್ಟಿಯಷ್ಟೇ. ಒಂದು ಹಿಡಿ ಸಗಣಿ, ಮೇಲೆ ಎರಡು ಎಸಳು ಗರಿಕೆ. ಕಣ ಪೂಜೆಗೂ ಅವನೇ, ಮದುವೆಗೂ ಅವನೇ. ಅರಿಸಿನ ಬೆಳೆಯುವ ಜಿಲ್ಲೆಯಲ್ಲಿ ಅರಿಸಿನದ ಗಣಪನಿಗೆ ಬರವೇ? ಅರಿಸಿನದ ಪುಡಿಗೆ ಒಂದಿಷ್ಟು ಹಿಟ್ಟು ಬೆರೆಸಿ ನಾದಿದರೆ ಮಕ್ಕಳೇ ತಿದ್ದಬಲ್ಲರು. ಬಕೆಟ್ ನೀರಿನಲ್ಲಿ ಬಿಟ್ಟು ಗಿಡಕ್ಕೆ ಸುರಿದರಾಯಿತು.

ಸಗಣಿಯ ಮಾತು ಬಂದದ್ದರಿಂದ ಇದನ್ನೂ ಹೇಳಬೇಕು. ನಮ್ಮ ಗಡಿಯಾಚೆ, ತಮಿಳುನಾಡಿನ ತಾಳವಾಡಿ ಭಾಗದ ಕನ್ನಡದ ಹಳ್ಳಿ ಗುಮಟಾಪುರದಲ್ಲಿ ಬಲಿಪಾಡ್ಯಮಿಯ ಮರುದಿನ ಗೊರೆಹಬ್ಬ ನಡೆಯುತ್ತದೆ. ಗುಡ್ಡೆ ಹಾಕಿದ ಸಗಣಿಯನ್ನು ಒಬ್ಬರ ಮೇಲೊಬ್ಬರು ಎರಚಿ ಆಡುತ್ತಾರೆ. ಅದು ಮೈಗೆ ಬಿದ್ದರೆ ರೋಗ ವಾಸಿಯಾಗುತ್ತದೆ ಎಂಬುದು ಹಲವರ ನಂಬಿಕೆ.

ವಾಸ್ತವ: ಆಟ ಆಟವೇ, ಅದರ ಸಂತೋಷಕ್ಕೆ ಔಷಧದ ಚೀಟಿ ಬೇಡ. ಸಗಣಿಯಲ್ಲಿ ಧನುರ್ವಾಯುವಿನ ಸೂಕ್ಷ್ಮಾಣು ಇರಬಹುದು, ಗಾಯವಿದ್ದವರು ದೂರ ಇರಬೇಕು. ಬೆನಕನನ್ನು ಮಾಡಿದ ಕೈಯನ್ನು ಸೋಪು ಹಾಕಿ ತೊಳೆದು ಆಮೇಲೆ ಕಡುಬಿಗೆ ಹಿಟ್ಟು ನಾದಬೇಕು.

ಗುಂಡ್ಲುಪೇಟೆ ರಸ್ತೆಯ ಇಕ್ಕೆಲದಲ್ಲಿ ಕಾಣುವ ಚೆಂಡುಹೂ ಹೊಲವೆಲ್ಲ ನಮ್ಮ ಆಯುಧಪೂಜೆಗೂ ಕೇರಳದ ಓಣಂ ಹೂರಂಗೋಲಿಗೂ ಹೋಗುತ್ತದೆ, ಆ ಹೂವು ಈ ನೆಲದ್ದೇ ಎಂದುಕೊಂಡಿದ್ದೇವೆ.

ವಾಸ್ತವ: ಓಣಂಗೆ ಹೋಗುವುದುಂಟು. ಆದರೆ ದೊಡ್ಡ ಪಾಲು ಕಾರ್ಖಾನೆಗಳ ಜೊತೆ ಒಪ್ಪಂದ ಮಾಡಿಕೊಂಡು ಬೆಳೆದದ್ದು. ಅದರಿಂದ ತೆಗೆದ ಬಣ್ಣ ಕೋಳಿಯ ಆಹಾರಕ್ಕೆ ಸೇರಿ ಮೊಟ್ಟೆಯ ಭಂಡಾರವನ್ನು ಹಳದಿ ಮಾಡುತ್ತದೆ. ಗಿಡದ ಮೂಲ ಮೆಕ್ಸಿಕೊ ಕಡೆಯದು. ಹಬ್ಬದ ತೋರಣಕ್ಕೆ ಹಿತ್ತಿಲಿನದೇ ಹೂ ಬೇಕೆಂದರೆ ಎರಡು ಎರಡೂವರೆ ತಿಂಗಳು ಮೊದಲೇ ಬೀಜ ಹಾಕಬೇಕು. ಹೊಲಕ್ಕೆ ನುಗ್ಗಿ ಫೋಟೊ ತೆಗೆಸಿಕೊಳ್ಳುವವರಿಗೂ ಒಂದು ಮಾತು: ಅದು ಉದ್ಯಾನವನವಲ್ಲ, ರೈತನ ಕೂಲಿ ಲೆಕ್ಕದ ಬೆಳೆ.

ರಾಗಿ ಬಡವರ ಊಟ, ಹಬ್ಬದ ಎಲೆಗೆ ಸಲ್ಲದು.

ವಾಸ್ತವ: ಬಿಳಿಗಿರಿರಂಗನ ಬೆಟ್ಟದ ಸೋಲಿಗರು ರೊಟ್ಟಿ ಹಬ್ಬವನ್ನೇ ಮಾಡುತ್ತಾರೆ, ದೇವರ ಮುಂದೆ ಇಡುವುದು ರಾಗಿ ರೊಟ್ಟಿ. ನೂರು ಗ್ರಾಂ ರಾಗಿಯಲ್ಲಿ ಮುನ್ನೂರು ಮಿಲಿಗ್ರಾಂ ಮೀರಿ ಸುಣ್ಣದಂಶವಿದೆ, ಪಾಲಿಶ್ ಅಕ್ಕಿಯಲ್ಲಿ ಹತ್ತರ ಆಸುಪಾಸು.

ಆರತಿ ತಟ್ಟೆಯ ಅರಿಸಿನದ ನೀರು ಕಡುಗೆಂಪಾದಷ್ಟೂ ದೃಷ್ಟಿ ಬಲವಾಗಿ ತಾಗಿತ್ತೆಂದು ಅರ್ಥ.

ವಾಸ್ತವ: ಸುಣ್ಣ ಹೆಚ್ಚಾಗಿತ್ತೆಂದು ಅರ್ಥ. ಅರಿಸಿನದ ಬಣ್ಣ ಕ್ಷಾರ ತಾಗಿದೊಡನೆ ಕೆಂಪಾಗುತ್ತದೆ, ನಿಂಬೆರಸ ಹಿಂಡಿದರೆ ಮತ್ತೆ ಹಳದಿಗೆ ಮರಳುತ್ತದೆ. ಯಾರ ಮನೆಯ ನೀರಾದರೂ ಸರಿ, ನೋಡಬಹುದು. ಇದರಲ್ಲೇ ಮಕ್ಕಳಿಗೊಂದು ಹಬ್ಬದ ಕೆಲಸವೂ ಇದೆ, ಎನ್‌ಸಿಇಆರ್‌ಟಿಯ ಏಳನೇ ತರಗತಿಯ ವಿಜ್ಞಾನ ಪುಸ್ತಕದಲ್ಲೂ ಬಂದಿತ್ತು. ಬಿಳಿ ಹಾಳೆಗೆ ಅರಿಸಿನದ ಗಂಜಿ ಬಳಿದು ನೆರಳಲ್ಲಿ ಒಣಗಿಸಿ, ಬಟ್ಟೆ ಸೋಪಿನ ನೀರಲ್ಲಿ ಕಡ್ಡಿ ಅದ್ದಿ ಬರೆದರೆ ಅಕ್ಷರ ಕೆಂಪಾಗಿ ಏಳುತ್ತದೆ. ಶುಭಾಶಯದ ಕಾರ್ಡಿಗೆ ಬೇರೆ ಬಣ್ಣ ಬೇಡ. ಬಿಸಿಲಿಗಿಟ್ಟರೆ ಹಳದಿ ಮಾಸುತ್ತದೆ, ಆದ್ದರಿಂದ ಹಬ್ಬದ ಹಿಂದಿನ ದಿನ ಮಾಡಿದರೆ ಸಾಕು.