ಸುಳ್ಳಾಡುವ ಅಂಕಿಗಳು

ಕೆಲವು ತಿಂಗಳ ಹಿಂದೆ ಸಹೋದ್ಯೋಗಿಯೊಬ್ಬರ ಹಳೆಯ ಕಾರಿನಲ್ಲಿ ಹೆದ್ದಾರಿಯ ಮೇಲೆ ಪ್ರಯಾಣ ಮಾಡುತ್ತಿದ್ದೆನು. ಚಾಲಕನ ಮುಂದಿನ ಫಲಕದಲ್ಲಿ ವೇಗವನ್ನು ಅಂಕಿಗಳಲ್ಲಿ ತೋರಿಸುವ ಸಣ್ಣ ಗಾಜಿನ ಕಿಂಡಿಯೊಂದಿತ್ತು. ಅದರಲ್ಲಿ ಮೊದಲು ಗಂಟೆಗೆ 60 ಕಿಲೋಮೀಟರ್ ಎಂದು ಕಂಡಿತು. ರಸ್ತೆ ತೆರವಾದಂತೆ ಕಾರಿನ ವೇಗ ಹೆಚ್ಚಿತು. 70 ಬರಬೇಕಾದೆಡೆ ಏಳೂ ಅಲ್ಲದ, ಒಂದೂ ಅಲ್ಲದ ಮುರುಕು ಗುರುತೊಂದು ಮೂಡಿತು. ಎಂಜಿನ್ನಿನ ಸದ್ದು ಮತ್ತೂ ಏರಿತು. ಆದರೆ ಫಲಕದಲ್ಲಿ ಕಂಡದ್ದು ಪುನಃ 60! ವಿಚಾರಿಸಲು, “ಎರಡು ವಾರದಿಂದ ಹೀಗೆಯೇ ಇದೆ ಸ್ವಾಮಿ; ಇಡೀ ಫಲಕವನ್ನೇ ಬದಲಾಯಿಸಬೇಕೆಂದು ರಿಪೇರಿಯವರು ಹೇಳುತ್ತಾರೆ” ಎಂದರು. ಕಾರು ಆಗ ಓಡುತ್ತಿದ್ದುದು 60ರಲ್ಲಲ್ಲ, 80ರಲ್ಲಿ.

ಮುಳ್ಳಿನ ಮಾಪಕದ ಮುಳ್ಳು ಮುರಿದರೆ ಅದು ಕೆಟ್ಟಿದೆಯೆಂದು ಯಾರಿಗಾದರೂ ತಿಳಿಯುತ್ತದೆ. ಅಂಕಿಯ ಫಲಕ ಪೂರ್ತಿ ಆರಿಹೋದರೂ ಹಾಗೆಯೇ. ಆದರೆ ಅದು ಅರೆಬರೆ ಕೆಟ್ಟಾಗ ಮೌನವಾಗಿರುವುದಿಲ್ಲ. ನಂಬುವಂಥ ಸುಳ್ಳನ್ನು ಹೇಳುತ್ತದೆ. ಅದೆಂತು?

ಏಳು ಗೆರೆಗಳ ಆಟ

ಒಂದು ಕಾಗದದ ಮೇಲೆ 8 ಎಂಬ ಅಂಕಿಯನ್ನು ನೇರ ಗೆರೆಗಳಿಂದಲೇ ಬರೆಯಿರಿ. ಮೇಲೆ, ನಡುವೆ, ಕೆಳಗೆ ಒಂದೊಂದು ಅಡ್ಡಗೆರೆ, ಎಡಕ್ಕೆ ಎರಡು, ಬಲಕ್ಕೆ ಎರಡು ನಿಲುಗೆರೆ, ಒಟ್ಟು ಏಳು. ಈ ಏಳರಲ್ಲಿ ಬೇಕಾದವನ್ನು ಮಾತ್ರ ಮೂಡಿಸಿದರೆ ಸೊನ್ನೆಯಿಂದ ಒಂಬತ್ತರವರೆಗಿನ ಎಲ್ಲ ಅಂಕಿಗಳೂ ದೊರೆಯುತ್ತವೆ. ಈಗ ಬಲಗಡೆಯ ಮೇಲಿನ ನಿಲುಗೆರೆಯನ್ನು ಅಳಿಸಿರಿ. 8 ಇದ್ದದ್ದು 6 ಆಯಿತು. ಅದೇ ಗೆರೆಯನ್ನು 9ರಿಂದ ಅಳಿಸಿದರೆ 5 ಉಳಿಯುತ್ತದೆ. 5 ಮತ್ತು 6ಕ್ಕೆ ಆ ಗೆರೆಯೇ ಬೇಡವಾದುದರಿಂದ ಅವು ಬದಲಾಗುವುದಿಲ್ಲ. ಆದುದರಿಂದ ಹತ್ತರ ಸ್ಥಾನದಲ್ಲಿ ಈ ಒಂದು ಗೆರೆ ಸತ್ತರೆ 80ರ ವೇಗ 60 ಎಂದೂ 90ರ ವೇಗ 50 ಎಂದೂ ಕಾಣುವುವು. ನನ್ನ ಮಿತ್ರರ ಕಾರಿನಲ್ಲಿ ನಡೆದುದು ಇದೇ. ನಡುವಣ ಅಡ್ಡಗೆರೆ ಹೋದರೆ 8 ಸೊನ್ನೆಯಾಗುತ್ತದೆ. ಎಡಗಡೆಯ ಕೆಳಗೆರೆ ಹೋದರೆ 8 ಎಂಬುದು 9 ಆಗುತ್ತದೆ. ಉಳಿದವನ್ನು ನೀವೇ ಬರೆದು ನೋಡಿರಿ.

ಗೆರೆ ಮೂಡುವ ಬಗೆ

ಇಂಥ ಅನೇಕ ಕಿಂಡಿಗಳಲ್ಲಿ ಗೆರೆಯನ್ನು ಮೂಡಿಸುವುದು ದ್ರವಸ್ಫಟಿಕ. ದ್ರವದಂತೆ ಹರಿಯುತ್ತಿದ್ದರೂ ಸ್ಫಟಿಕದಂತೆ ಅಣುಗಳಲ್ಲಿ ಒಂದು ಕ್ರಮವನ್ನು ಉಳಿಸಿಕೊಂಡಿರುವ ದ್ರವ್ಯವಿದು. 1888ರಲ್ಲಿ ಆಸ್ಟ್ರಿಯಾದ ಸಸ್ಯವಿಜ್ಞಾನಿ ರೈನಿಟ್ಸರ್ ಇದರ ಗುಣವನ್ನು ಮೊದಲು ವರ್ಣಿಸಿದನು.

ಎರಡು ಗಾಜಿನ ಹಾಳೆಗಳ ನಡುವಣ, ಮಿಲಿಮೀಟರಿನ ಕೆಲವು ಸಾವಿರದಲ್ಲೊಂದು ಭಾಗದಷ್ಟು ತೆಳ್ಳನೆಯ ಎಡೆಯಲ್ಲಿ ಈ ದ್ರವ್ಯವಿರುತ್ತದೆ. ಗಾಜುಗಳ ಹೊರಮೈಗೆ ಒಂದೊಂದು ಪೋಲರಾಯ್ಡ್ ಹಾಳೆ. ಇವೆರಡನ್ನೂ ಪರಸ್ಪರ ಅಡ್ಡವಾಗಿ ಇಟ್ಟರೆ ಸಾಮಾನ್ಯವಾಗಿ ಬೆಳಕು ದಾಟಲಾರದು. ಆದರೆ ನಡುವಣ ಅಣುಗಳು ಸುತ್ತುಮೆಟ್ಟಿಲಿನಂತೆ 90 ಡಿಗ್ರಿ ತಿರುಚಿಕೊಂಡು ನಿಂತಿರುವುದರಿಂದ ಬೆಳಕಿನ ಕಂಪನದ ದಿಕ್ಕನ್ನೂ ಅಷ್ಟೇ ತಿರುಗಿಸಿ ಹೊರಗೆ ದಾಟಿಸುತ್ತವೆ. ಗಾಜಿನ ಒಳಮೈಗೆ ಲೇಪಿಸಿದ ಪಾರದರ್ಶಕವಾದ ವಾಹಕ ಪೊರೆಗೆ ಕೆಲವು ವೋಲ್ಟುಗಳ ವಿದ್ಯುತ್ತನ್ನು ಕೊಟ್ಟೊಡನೆ ಆ ಜಾಗದ ಅಣುಗಳು ನೆಟ್ಟಗೆ ನಿಲ್ಲುತ್ತವೆ, ತಿರುಚು ಬಿಚ್ಚುತ್ತದೆ, ಬೆಳಕು ತಡೆಯಲ್ಪಟ್ಟು ಅಲ್ಲಿ ಕಪ್ಪು ಗೆರೆ ಕಾಣುತ್ತದೆ. ಹೀಗೆ ಕೊಡುವ ವಿದ್ಯುತ್ತು ದಿಕ್ಕು ಬದಲಾಯಿಸುತ್ತಿರಬೇಕು. ಒಂದೇ ದಿಕ್ಕಿನ ವಿದ್ಯುತ್ತು ಬಹುಕಾಲ ಇದ್ದರೆ ದ್ರವ್ಯ ವಿಘಟನೆಗೊಳ್ಳುವುದು. ಆದುದರಿಂದ ಬ್ಯಾಟರಿಯ ತಂತಿಗಳನ್ನು ಗಾಜಿಗೆ ಮುಟ್ಟಿಸಿ ಪರೀಕ್ಷಿಸುವ ಹುಮ್ಮಸ್ಸು ಬೇಡ.

ರೋಗವೆಲ್ಲಿದೆ?

ದ್ರವಸ್ಫಟಿಕದಲ್ಲಿ ಒಂದೇ ಒಂದು ಗೆರೆಯ ಭಾಗ ಮಾತ್ರ ಸಾಯುವುದೇಕೆ? ಉಳಿದ ಆರು ಗೆರೆಗಳೂ ಅದೇ ದ್ರವ್ಯದಿಂದಲ್ಲವೇ ಮೂಡುವುದು? ಈ ಪ್ರಶ್ನೆಯೇ ನಮ್ಮನ್ನು ಸರಿಯಾದ ದಾರಿಗೆ ತರುತ್ತದೆ. ಕೆಟ್ಟಿರುವುದು ಬಹುಶಃ ಸ್ಫಟಿಕವಲ್ಲ, ಆ ಗೆರೆಗೆ ವಿದ್ಯುತ್ತು ಬರುವ ದಾರಿ.

ಆ ದಾರಿಯ ದುರ್ಬಲ ತಾಣ, ಗಾಜಿನ ಅಂಚು ಮಂಡಲದ ಹಲಗೆಯನ್ನು ಕೂಡುವ ಸ್ಥಳ. ಅಲ್ಲಿ ಸಾಮಾನ್ಯವಾಗಿ ಬೆಸುಗೆಯಿರುವುದಿಲ್ಲ. ಕೆಲವು ಫಲಕಗಳಲ್ಲಿ ಅಂಟಿನಿಂದ ಕೂಡಿಸಿದ ಪ್ಲಾಸ್ಟಿಕ್ ಪಟ್ಟಿಯಿರುತ್ತದೆ. ಇನ್ನು ಕೆಲವುಗಳಲ್ಲಿ ವಾಹಕ ಹಾಗೂ ಅವಾಹಕ ರಬ್ಬರಿನ ತೆಳು ಪದರಗಳನ್ನು ಒಂದಾದ ಮೇಲೊಂದರಂತೆ ಜೋಡಿಸಿದ ಕಡ್ಡಿಯಿರುತ್ತದೆ; ಪಟ್ಟೆಪಟ್ಟೆಯಾಗಿ ಕಾಣುವುದರಿಂದ ಇದಕ್ಕೆ ಜೀಬ್ರಾ ಪಟ್ಟಿ ಎಂದು ಹೆಸರು. ಬಿಸಿಲಿನಲ್ಲಿ ನಿಂತ ಕಾರಿನ ಫಲಕದ ಮೇಲ್ಮೈ 70 ಡಿಗ್ರಿ ಸೆಲ್ಸಿಯಸ್ ದಾಟುವುದುಂಟು. ರಾತ್ರಿ ಪುನಃ ತಣಿಯುತ್ತದೆ. ಪ್ಲಾಸ್ಟಿಕ್ಕು ಗಾಜಿಗಿಂತ ಹೆಚ್ಚು ಹಿಗ್ಗುತ್ತದೆ. ದಿನದಿನದ ಈ ಎಳೆದಾಟದಿಂದಲೂ ರಸ್ತೆಯ ಕುಲುಕಾಟದಿಂದಲೂ ಅಂಟು ಬಿಡುತ್ತದೆ, ರಬ್ಬರಿನ ಒತ್ತಡ ಸಡಿಲುತ್ತದೆ, ಸಂಧಿಯೊಳಗೆ ಕೊಳೆ ಸೇರುತ್ತದೆ.

ಲಕ್ಷಣಗಳಿಂದ ಇದನ್ನು ಗುರುತಿಸಬಹುದು. ಗೆರೆ ಒಮ್ಮೆ ಕಂಡು ಒಮ್ಮೆ ಮರೆಯಾದರೆ, ತಂಪಿಗೂ ಬಿಸಿಗೂ ಬೇರೆಯಾಗಿ ನಡೆದುಕೊಂಡರೆ, ಕಿಂಡಿಯ ಚೌಕಟ್ಟನ್ನು ಮೆಲ್ಲಗೆ ಒತ್ತಿದಾಗ ಹಿಂದಿರುಗಿದರೆ, ದೋಷ ಸಂಧಿಯಲ್ಲಿದೆ. ಹಲವು ಗೆರೆಗಳು ಒಟ್ಟಿಗೆ ಹೋದರೆ ಅವಕ್ಕೆಲ್ಲ ಸಮಾನವಾದ ಒಂದು ದಾರಿ ಕಡಿದಿರಬಹುದು. ಅಂಕಿಗಳೆಲ್ಲ ಸರಿಯಾಗಿದ್ದು ರಾತ್ರಿ ಮಾತ್ರ ಕಾಣದಿದ್ದರೆ ಹಿಂದಿನ ದೀಪವನ್ನು ನೋಡಬೇಕು. ಸುಡುಬಿಸಿಲಿನಲ್ಲಿ ಕಿಂಡಿಯೆಲ್ಲ ಕಪ್ಪಾಗಿ, ತಣಿದ ಮೇಲೆ ಸರಿಹೋದರೆ ಅದು ಸಂಧಿಯ ದೋಷವಲ್ಲ. ಅಣುಗಳ ಕ್ರಮ ಶಾಖದಿಂದ ಕದಡಿರುವುದು. ಗಾಜೇ ಒಡೆದು ಮಸಿಯಂಥ ಕಲೆ ಹರಡಿದ್ದರೆ ಮಾತ್ರ ಗಾಜನ್ನು ಬದಲಾಯಿಸದೆ ಗತ್ಯಂತರವಿಲ್ಲ.

ಚಿಕಿತ್ಸೆ

ಫಲಕವನ್ನು ಬಿಚ್ಚುವ ಮುನ್ನ ಬ್ಯಾಟರಿಯ ಋಣ ತಂತಿಯನ್ನು ತೆಗೆದು, ಕಾರಿನ ಕೈಪಿಡಿಯಲ್ಲಿ ಹೇಳಿದಷ್ಟು ಹೊತ್ತು ಕಾಯಬೇಕು. ಪಕ್ಕದಲ್ಲಿಯೇ ಏರ್‌ಬ್ಯಾಗ್ ಇರುತ್ತದೆ. ಅನುಭವವಿಲ್ಲದವರು ಈ ಕೆಲಸವನ್ನು ಬಲ್ಲವರಿಗೆ ಬಿಡುವುದೇ ಲೇಸು. ಮಿತ್ರರ ಫಲಕವನ್ನು ಹಾಗೆಯೇ ಬಲ್ಲವರಿಂದ ಬಿಚ್ಚಿಸಿ ನಮ್ಮ ಪ್ರಯೋಗಶಾಲೆಯ ಮೇಜಿಗೆ ತಂದೆವು. ಮೈಯ ಸ್ಥಿರ ವಿದ್ಯುತ್ತು ಸೂಕ್ಷ್ಮ ಮಂಡಲಗಳನ್ನು ಕೆಡಿಸದಂತೆ ಮೊದಲು ಭೂಸಂಪರ್ಕವುಳ್ಳ ಲೋಹವನ್ನು ಮುಟ್ಟಿದೆವು.

ಒಳಗಿದ್ದುದು ಜೀಬ್ರಾ ಪಟ್ಟಿ. ಗಾಜಿನ ಅಂಚನ್ನೂ ಹಲಗೆಯ ಸಂಪರ್ಕ ಗೆರೆಗಳನ್ನೂ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿದೆವು. ಪೋಲರಾಯ್ಡ್ ಹಾಳೆಗೆ ಅದು ತಗಲದಂತೆ ಎಚ್ಚರ ವಹಿಸಿದೆವು. ಕೆರೆಯಲು ಚಾಕುವನ್ನಾಗಲಿ ಉಪ್ಪುಕಾಗದವನ್ನಾಗಲಿ ಬಳಸಲಿಲ್ಲ. ಬಳಸಿದ್ದರೆ ತೆಳುಪೊರೆಯೇ ಹೋಗುತ್ತಿತ್ತು. ಆಮೇಲೆ ಪಟ್ಟಿಯನ್ನು ನೇರವಾಗಿ ಕೂರಿಸಿ, ಒತ್ತಡ ಎಲ್ಲೆಡೆಯೂ ಸಮನಾಗುವಂತೆ ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಬಿಗಿದೆವು. ಅಂಟಿನ ಪಟ್ಟಿಯಾಗಿದ್ದರೆ ಅಳತೆಯ ಶಾಖ ಕೊಟ್ಟು ಒತ್ತಿ ಕೂಡಿಸಬೇಕಾಗುತ್ತದೆ. ಶಾಖ ಮಿತಿಮೀರಿದರೆ ಪಟ್ಟಿ ಕರಗುವುದರಿಂದ ಅದು ಪಳಗಿದ ಕೈಯ ಕೆಲಸ. ಓಡಿದ ದೂರದ ಲೆಕ್ಕವನ್ನಿಟ್ಟಿರುವ ಭಾಗವನ್ನಂತೂ ಯಾರೂ ಮುಟ್ಟಬಾರದು. ಅದನ್ನು ತಿದ್ದುವುದು ರಿಪೇರಿಯಲ್ಲ, ಮೋಸ.

ಫಲಕವನ್ನು ಮರಳಿ ಕೂರಿಸಿ ಕೀಲಿಯನ್ನು ತಿರುಗಿಸಿದಾಗ ಅಂಕಿಗಳೆಲ್ಲ ಕ್ಷಣಕಾಲ 8 ಆಗಿ ನಿಂತವು. ಅನೇಕ ಕಾರುಗಳು ಹೊರಡುವ ಮುನ್ನ ಹೀಗೆ ಎಲ್ಲ ಗೆರೆಗಳನ್ನೂ ಒಮ್ಮೆ ತೋರಿಸುತ್ತವೆ. ಅದು ಅಲಂಕಾರಕ್ಕಲ್ಲ, ಗೆರೆಗಳೆಲ್ಲ ಬದುಕಿವೆಯೇ ಎಂದು ನೀವು ನೋಡಿಕೊಳ್ಳಲೆಂದು. ಆ 8ರಲ್ಲಿ ಒಂದು ಗೆರೆ ಕಡಮೆಯಾಗಿದ್ದರೆ, ರಿಪೇರಿಯಾಗುವವರೆಗೆ ಆ ಫಲಕದ ಯಾವ ಅಂಕಿಯನ್ನೂ ನಂಬಬೇಡಿರಿ.