ಮೂರು ತರಗತಿ, ಇಬ್ಬರು ಮೇಷ್ಟ್ರು

ಒಂದು ಶಾಲೆಗೆ ಎಷ್ಟು ಮಂದಿ ಉಪಾಧ್ಯಾಯರು ಬೇಕು? ಮಕ್ಕಳ ತಲೆ ಎಣಿಸಿ, ಇಷ್ಟು ಮಂದಿಗೆ ಒಬ್ಬರೆಂದು ಭಾಗಿಸಿದರೆ ಉತ್ತರ ಸಿಕ್ಕಬೇಕು. ಬಹುಕಾಲ ನಾನೂ ಹಾಗೆಯೇ ತಿಳಿದಿದ್ದೆ. ಆರು, ಏಳು, ಎಂಟನೆಯ ತರಗತಿಗಳ ಲೆಕ್ಕ ಬೇರೆಯೇ ಎಂಬುದು ಕಾಲೇಜಿನ ಕನ್ನಡ ಅಧ್ಯಾಪಕನಾಗಿದ್ದ ನನಗೆ ಮನವರಿಕೆಯಾದದ್ದು ನಿವೃತ್ತನಾದ ಮೇಲೆ, ಒಂದು ಹಳ್ಳಿಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಒಂದು ಹಗಲು ಕಳೆದಾಗ.

ಪದ್ಯ ಓದುವ ಬಗೆಯನ್ನು ಕುರಿತು ಮಕ್ಕಳಿಗೆ ನಾಲ್ಕು ಮಾತು ಹೇಳಬೇಕೆಂದು ಕರೆದಿದ್ದರು. ನಾನು ಹೋಗುವ ಹೊತ್ತಿಗೆ ಪ್ರಭಾರ ಮುಖ್ಯ ಶಿಕ್ಷಕರು ತಾಲ್ಲೂಕು ಕೇಂದ್ರದ ಸಭೆಗೆ ಹೊರಟು ನಿಂತಿದ್ದರು. ಗಣಿತ, ವಿಜ್ಞಾನ ಹೇಳುವವರೂ ಅವರೇ. "ನಾನು ಬರೋವರೆಗೆ ಏಳನೇ ಕ್ಲಾಸಿನಲ್ಲಿ ಸ್ವಲ್ಪ ಕೂತಿರ್ತೀರಾ ಸಾರ್?" ಎಂದರು. ಕೂತೆ. ಪದ್ಯವೇನೋ ಆಯಿತು. ಆಮೇಲೆ ಒಬ್ಬಳು ಹುಡುಗಿ ಎದ್ದು, ಭಿನ್ನರಾಶಿಯಿಂದ ಭಾಗಿಸುವಾಗ ಅದನ್ನು ತಲೆಕೆಳಗು ಮಾಡಿ ಗುಣಿಸುತ್ತೇವಲ್ಲ, ಯಾಕೆ, ಎಂದು ಕೇಳಿದಳು. ನನಗೆ ತಿಳಿಯದು. ಐವತ್ತು ವರ್ಷಗಳಿಂದ ತಲೆಕೆಳಗು ಮಾಡುತ್ತಲೇ ಬಂದವನು ನಾನು; ಯಾಕೆಂದು ಒಮ್ಮೆಯೂ ಕೇಳಿಕೊಂಡವನಲ್ಲ.

ಆ ಶಾಲೆಯಲ್ಲಿ ಆರರಿಂದ ಎಂಟರವರೆಗೆ 42 ಮಕ್ಕಳು. 35 ಮಕ್ಕಳಿಗೆ ಒಬ್ಬರೆಂದು ಭಾಗಿಸಿದರೆ ಇಬ್ಬರು ಶಿಕ್ಷಕರು ಸಾಕು. ಇದ್ದವರೂ ಇಬ್ಬರೇ. ಮೂರನೆಯವರು ಹಿಂದಿನ ವರ್ಷ "ಹೆಚ್ಚುವರಿ" ಎಂದಾಗಿ ಬೇರೆ ಊರಿಗೆ ಹೋಗಿದ್ದರು. ಆದರೆ ತರಗತಿಗಳು ಮೂರು. ದಿನದ ಯಾವ ಗಳಿಗೆಯಲ್ಲಿ ಹೋಗಿ ನೋಡಿದರೂ ಒಂದು ತರಗತಿಯ ಮುಂದೆ ಯಾರೂ ನಿಂತಿರುವುದಿಲ್ಲ. ಇಲ್ಲವೆ ಎರಡು ತರಗತಿಗಳು ಒಂದೇ ಕೋಣೆಯಲ್ಲಿ ಕುಳಿತಿರುತ್ತವೆ. ಒಬ್ಬರು ಸಭೆಗೆ ಹೋದ ದಿನದ ಸ್ಥಿತಿಯನ್ನು ನಾನು ಹೇಳಬೇಕಾಗಿಲ್ಲ.

ಕಾನೂನು ಇದನ್ನು ಅರಿಯದೆ ಇಲ್ಲ. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕಿನ ಕಾಯಿದೆಯ ಅನುಸೂಚಿಯನ್ನು ಓದಿ ನೋಡಬೇಕು. ಒಂದರಿಂದ ಐದನೆಯ ತರಗತಿಗಳ ವಿಷಯದಲ್ಲಿ ಅದು ಮಕ್ಕಳ ಸಂಖ್ಯೆಯನ್ನೇ ಎಣಿಸುತ್ತದೆ: 60ರವರೆಗೆ ಇಬ್ಬರು, 90ರವರೆಗೆ ಮೂವರು, ಹೀಗೆ. ಆರನೆಯ ತರಗತಿಗೆ ಬಂದೊಡನೆ ಎಣಿಕೆಯ ಕ್ರಮ ಬದಲಾಗುತ್ತದೆ. ತರಗತಿಗೆ ಒಬ್ಬರಾದರೂ ಇರಬೇಕು. ಅವರಲ್ಲಿ ವಿಜ್ಞಾನ ಮತ್ತು ಗಣಿತಕ್ಕೆ ಒಬ್ಬರು, ಸಮಾಜ ವಿಜ್ಞಾನಕ್ಕೆ ಒಬ್ಬರು, ಭಾಷೆಗಳಿಗೆ ಒಬ್ಬರು. 35ರ ಲೆಕ್ಕ ಇದರ ಜೊತೆಗೆ ಸೇರುವುದೇ ಹೊರತು ಇದರ ಬದಲಿಗೆ ಬರುವುದಲ್ಲ. ಹತ್ತು ಹನ್ನೊಂದರ ವಯಸ್ಸಿನ ಮಗು "ಹೇಗೆ" ಎಂಬುದನ್ನು ದಾಟಿ "ಯಾಕೆ" ಎಂದು ಕೇಳತೊಡಗುತ್ತದೆ. ಅದಕ್ಕೆ ಆ ವಿಷಯವನ್ನು ಓದಿಕೊಂಡವರೇ ಬೇಕು. ಹೀಗಿರುವಾಗ ಮೂವರಲ್ಲಿ ಒಬ್ಬರು ಹೆಚ್ಚುವರಿ ಎಂದರೆ ಏನರ್ಥ? ಮೂರೇ ಪದಗಳ ವಾಕ್ಯದಲ್ಲಿ ಕ್ರಿಯಾಪದವನ್ನು ಹೆಚ್ಚುವರಿ ಎಂದು ತೆಗೆದಂತೆ. (ಕನ್ನಡ ಮೇಷ್ಟ್ರ ಚಪಲ, ಮನ್ನಿಸಬೇಕು.)

ಸರ್ಕಾರದ ಕಷ್ಟವೂ ಸುಳ್ಳಲ್ಲ. 42 ಮಕ್ಕಳಿಗೆ ಮೂವರೆಂದರೆ 14ಕ್ಕೆ ಒಬ್ಬರಾಯಿತು. ವೆಚ್ಚ ನೋಡುವವರು ಹುಬ್ಬೇರಿಸುತ್ತಾರೆ. ಶಾಲೆಗಳನ್ನು ಕೂಡಿಸಿಬಿಡಿ ಎನ್ನುವ ಸಲಹೆ ಹುಟ್ಟುವುದು ಇಲ್ಲಿಯೇ. ಕೂಡಿಸಿದರೆ ಶಿಕ್ಷಕರು ಒದಗುತ್ತಾರೆ, ನಿಜ. ಆದರೆ ದೂರ ಹೆಚ್ಚಿದಷ್ಟೂ ಮೊದಲು ಶಾಲೆ ಬಿಡುವವರು ಹೆಣ್ಣುಮಕ್ಕಳು. ಕರ್ನಾಟಕದಲ್ಲಿ ಆರರಿಂದ ಎಂಟರ ತರಗತಿಗಳಿಗೆಂದೇ 15,000 ಪದವೀಧರ ಶಿಕ್ಷಕರ ನೇಮಕಕ್ಕೆ 2022ರಲ್ಲಿ ಪರೀಕ್ಷೆ ನಡೆಯಿತು. ವ್ಯಾಜ್ಯಗಳ ನಡುವೆ ನೇಮಕ ತಡವಾಯಿತು. ಅಲ್ಲಿಯವರೆಗೆ ಶಾಲೆಗಳನ್ನು ನಡೆಸಿಕೊಂಡು ಹೋದವರಲ್ಲಿ ಗೌರವಧನದ ಮೇಲೆ ದುಡಿಯುವ ಅತಿಥಿ ಶಿಕ್ಷಕರು ಬಹಳ ಮಂದಿ. ಅತಿಥಿಯೆಂದು ಕರೆದು ಮನೆಯ ಕೆಲಸವನ್ನೆಲ್ಲ ಮಾಡಿಸುವ ಪದ್ಧತಿ ನಮ್ಮಲ್ಲಿ ಯಾವಾಗ ಬಂತೋ ಕಾಣೆ.

ಪಾಠ ಹೇಳುವವರ ಮಾತು ಇದಾಯಿತು. ಅವರ ಹೊರತು ಶಾಲೆಯಲ್ಲಿ ಇನ್ನಾರಿರಬೇಕು? ಅಡುಗೆಯವರ ವಿಷಯದಲ್ಲಿ ನಿಯಮ ಸ್ಪಷ್ಟವಾಗಿದೆ: 25 ಮಕ್ಕಳವರೆಗೆ ಒಬ್ಬರು, 100ರವರೆಗೆ ಇಬ್ಬರು, ಮುಂದಿನ ಪ್ರತಿ ನೂರಕ್ಕೆ ಮತ್ತೊಬ್ಬರು. ಒಲೆಯ ಕೆಲಸವನ್ನು ಬಲ್ಲವರು ಮಾಡಿದ ಲೆಕ್ಕವೆನ್ನಬೇಕು. ಆದರೆ ಗುಮಾಸ್ತ, ಜವಾನ ಎಂಬ ಮಾತು ಕಾಯಿದೆಯ ಅನುಸೂಚಿಯಲ್ಲಿ ಎಲ್ಲಿಯೂ ಇಲ್ಲ. ಪೂರ್ಣಾವಧಿ ಮುಖ್ಯ ಶಿಕ್ಷಕರು ಸಹ ಮಕ್ಕಳು 100ಕ್ಕೆ ಮೀರಿದರೆ ಮಾತ್ರ. ಹಾಲಿನ ಪುಡಿ, ಮೊಟ್ಟೆ, ಅಕ್ಕಿ, ಹಾಜರಿ ಇವುಗಳ ಲೆಕ್ಕವನ್ನೆಲ್ಲ ಬರೆಯುವವರು ಗಣಿತದ ಮೇಷ್ಟ್ರೇ. ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಇವನ್ನು ಬಿಟ್ಟು ಬೇರೆ ಕೆಲಸಕ್ಕೆ ಶಿಕ್ಷಕರನ್ನು ಹಚ್ಚಬಾರದೆಂದು ಅದೇ ಕಾಯಿದೆಯ 27ನೆಯ ಕಲಮು ಹೇಳುತ್ತದೆ. ಆದರೆ ಶಾಲೆಯ ಒಳಗಿನ ಈ ಗುಮಾಸ್ತಗಿರಿಗೆ ಆ ರಕ್ಷಣೆ ಒದಗಿದಂತಿಲ್ಲ.

ಅಂಗವೈಕಲ್ಯವುಳ್ಳ ಮಕ್ಕಳ ಸಂಗತಿ ಇನ್ನೂ ಸೂಕ್ಷ್ಮವಾದುದು. ಪ್ರಾಥಮಿಕ ಹಂತದಲ್ಲಿ ಅಂಥ 10 ಮಕ್ಕಳಿಗೆ, ಮುಂದಿನ ಹಂತದಲ್ಲಿ 15 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರಿರಬೇಕೆಂಬ ಪ್ರಮಾಣವನ್ನು ಕೇಂದ್ರ ಸರ್ಕಾರ 2022ರಲ್ಲಿ ಗೊತ್ತುಪಡಿಸಿತು. ಆದರೆ ಸಣ್ಣ ಊರಿನ ಶಾಲೆಯಲ್ಲಿ ಅಂಥ ಮಕ್ಕಳು ಹದಿನೈದಿರುವುದಿಲ್ಲ, ಒಬ್ಬನಿರುತ್ತಾನೆ. ನಾನು ಕೂತಿದ್ದ ತರಗತಿಯಲ್ಲಿ ಒಬ್ಬನಿದ್ದ, ಕಿವಿ ಮಂದ. ಪಕ್ಕದ ಹುಡುಗ ನನ್ನ ಮಾತನ್ನು ಅವನಿಗಾಗಿ ಪುಸ್ತಕದ ಅಂಚಿನಲ್ಲಿ ಬರೆಯುತ್ತಿದ್ದ. ಆ ಶಾಲೆಯ ಮಟ್ಟಿಗೆ ವಿಶೇಷ ಶಿಕ್ಷಕ ಅವನೇ.

ಮೇಷ್ಟ್ರು ಹಿಂದಿರುಗಿದಾಗ ಮೂರೂವರೆ. ಹುಡುಗಿಯ ಪ್ರಶ್ನೆಯನ್ನು ಹೇಳಿದೆ. ಅವರ ಮುಖ ಅರಳಿತು. "ಒಳ್ಳೇ ಪ್ರಶ್ನೆ ಸಾರ್, ಅರ್ಧ ರೊಟ್ಟಿಯಲ್ಲಿ ಕಾಲು ಕಾಲು ಎಷ್ಟು ಅಂತ ಶುರು ಮಾಡಿದ್ರೆ ತಾನಾಗಿ ಬರುತ್ತೆ" ಎಂದು ಸೀಮೆಸುಣ್ಣ ಕೈಗೆತ್ತಿಕೊಂಡರು. ಅಷ್ಟರಲ್ಲಿ ಅಡುಗೆಯಾಕೆ ಬಾಗಿಲಲ್ಲಿ ನಿಂತು, ಎಣ್ಣೆ ಬಂದಿದೆ, ರುಜು ಬೇಕಂತೆ ಎಂದಳು. ಹುಡುಗಿ ತನ್ನ ನೋಟ್‌ಬುಕ್ಕಿನ ಕೊನೆಯ ಹಾಳೆ ತೆರೆದಳು. ಅಲ್ಲಿ ಆಗಲೇ ಒಂಬತ್ತು ಪ್ರಶ್ನೆಗಳಿದ್ದವು. ಇದನ್ನು ಹತ್ತನೆಯದಾಗಿ ಬರೆದುಕೊಂಡಳು.