ಗಾರ್ಮೆಂಟ್ಸ್ ಲೈನ್‌ನಲ್ಲಿ ಕೆಲಸ ಕಲಿಸೋರು ಯಾರು? ಅದ್ಯಾಕೆ ಅಷ್ಟು ಮುಖ್ಯ?

ಮದ್ದೂರು: ಬೆಳಗ್ಗೆ ಹಳ್ಳಿಗಳಿಂದ ಗಾರ್ಮೆಂಟ್ಸ್ ವ್ಯಾನ್ ಹತ್ತೋರಲ್ಲಿ ಬಹುಪಾಲು ಹೆಣ್ಮಕ್ಕಳೇ. ಮೆಷಿನ್ ಮುಂದೆ ಕೂರೋರೂ ಅವರೇ. ಆದ್ರೆ ಕೆಲಸ ಕಲಿಸೋ, ಟಾರ್ಗೆಟ್ ಕೇಳೋ, ರಜೆಗೆ ಹೂಂ ಅನ್ನೋ ಜಾಗದಲ್ಲಿ ಹೆಚ್ಚಾಗಿ ಗಂಡಸರು ಇರ್ತಾರೆ. ಇದರಿಂದ ಆಗೋ ತೊಂದರೆ ಏನು ಅನ್ನೋದರ ವಿವರ ಇಲ್ಲಿದೆ.

ಕಲಿಸೋರು ಅಂದ್ರೆ ಯಾರು?

ಹೊಸದಾಗಿ ಸೇರಿದವರಿಗೆ ಮೊದಲು ಟ್ರೈನರ್ ನೇರ ಹೊಲಿಗೆ ಹೇಳಿಕೊಡ್ತಾರೆ. ಲೈನ್‌ಗೆ ಬಂದ ಮೇಲೆ ಸೂಪರ್‌ವೈಸರೇ ಮೇಷ್ಟ್ರು. ಕಾಲರ್, ಕಫ್, ಓವರ್‌ಲಾಕ್ ಎಲ್ಲಾ ಅಲ್ಲೇ ಕಲಿಯಬೇಕು. ಗಂಟೆ ಗಂಟೆಗೆ ಪೀಸ್ ಲೆಕ್ಕ ಕೇಳೋರೂ ಅವರೇ. ಅಂದ್ರೆ ಕಲಿಸೋರು, ಬೈಯೋರು ಇಬ್ಬರೂ ಒಬ್ಬರೇ.

ಹೇಳ್ಕೊಳ್ಳೋದು ಯಾರ ಹತ್ರ?

ಹೊಲಿಗೆ ತಪ್ಪಾದಾಗ ಕೂಡಲೇ ಕೇಳಿದ್ರೆ ಎರಡು ನಿಮಿಷದಲ್ಲಿ ಸರಿ ಹೋಗುತ್ತೆ. ಹೆದರಿ ಸುಮ್ಮನಿದ್ರೆ ಪೀಸ್‌ಗಳು ಚೆಕಿಂಗ್‌ನಿಂದ ವಾಪಸ್ ಬರುತ್ತವೆ, ಬಿಚ್ಚಿ ಮತ್ತೆ ಹೊಲಿಯಬೇಕು, ಟಾರ್ಗೆಟ್ ಹೋಗುತ್ತೆ. ನಷ್ಟ ಕಾರ್ಖಾನೆಗೂ ಹೌದು.

ಇನ್ನು ಟಾಯ್ಲೆಟ್‌ಗೆ ಹೋಗ್ಬೇಕು, ಹೊಟ್ಟೆನೋವು, ಗರ್ಭಿಣಿ ಅನ್ನೋ ವಿಷಯಗಳನ್ನ ಎಲ್ಲರೆದುರು ಗಂಡಸಿನ ಹತ್ರ ಹೇಳೋಕೆ ಎಷ್ಟೋ ಜನಕ್ಕೆ ಬಾಯಿ ಬರಲ್ಲ. 2025ರ ಅಕ್ಟೋಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿದ ಮುಟ್ಟಿನ ರಜೆ ನೀತಿಯಲ್ಲಿ ವರ್ಷಕ್ಕೆ 12 ದಿನ ಸಂಬಳ ಸಹಿತ ರಜೆ ಇದೆ, ಗಾರ್ಮೆಂಟ್ಸ್‌ನೂ ಸೇರಿಸಿ. ಆದ್ರೆ ಕೇಳೋಕೇ ನಾಚಿಕೆ ಆದ್ರೆ ಆ ರಜೆ ಕಾಗದದಲ್ಲೇ ಉಳಿಯುತ್ತೆ.

ಹೆಂಗಸರಾದ್ರೆ ಸಾಕಾ?

ಸಾಲಲ್ಲ. ಒಡಿಶಾ, ಜಾರ್ಖಂಡ್‌ನಿಂದ ಬಂದು ಬೆಂಗಳೂರು ಕಡೆಯ ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡೋ ಹುಡುಗೀರಿಗೆ ಕನ್ನಡದಲ್ಲಿ ಸೂಜಿ, ಮೆಷಿನ್ ಜಾಗ್ರತೆ ಹೇಳಿದ್ರೆ ಅರ್ಧ ಮಾತ್ರ ತಲುಪುತ್ತೆ. ಅವರ ಭಾಷೆ ಬಲ್ಲ ಒಬ್ಬರಾದ್ರೂ ಬೇಕು. ಮೇಲಿನವರೆಲ್ಲ ಒಂದೇ ಊರು, ಒಂದೇ ಜಾತಿಯವರಾದ್ರೆ ಸುಲಭದ ಕೆಲಸ ತಮ್ಮವರಿಗೇ ಅನ್ನೋ ಅನುಮಾನ ಬೆಳೆಯುತ್ತೆ. ಹಾಗೇ, ಟಾರ್ಗೆಟ್ ಒತ್ತಡ ಕಮ್ಮಿ ಮಾಡದೆ ಹೆಂಗಸನ್ನ ಸೂಪರ್‌ವೈಸರ್ ಮಾಡಿದ್ರೆ ಅವರೂ ಕೂಗಾಡ್ಲೇಬೇಕಾಗುತ್ತೆ.

ಬಾಂಗ್ಲಾದೇಶದಲ್ಲಿ ಏನಾಯ್ತು?

ಅಲ್ಲಿನ ಗಾರ್ಮೆಂಟ್ಸ್‌ನಲ್ಲಿ ಹೆಂಗಸರಿಗೂ ಗಂಡಸರಿಗೂ ಒಂದೇ ತರಬೇತಿ ಕೊಟ್ಟು, ಸೂಪರ್‌ವೈಸರ್ ಕೆಲಸಕ್ಕೆ ಹಚ್ಚಿ ಸಂಶೋಧಕರು ಅಧ್ಯಯನ ಮಾಡಿದ್ರು. ಶುರುವಿನಲ್ಲಿ ಲೈನ್‌ನವರು ಹೆಂಗಸರ ಸಾಮರ್ಥ್ಯ ನಂಬಲಿಲ್ಲ, ಉತ್ಪಾದನೆಯೂ ಸ್ವಲ್ಪ ಹಿಂದೆ ಬಿತ್ತು. 4ರಿಂದ 6 ತಿಂಗಳು ಕಳೆಯೋಷ್ಟರಲ್ಲಿ ಆ ವ್ಯತ್ಯಾಸ ಹೋಯ್ತು. ಅಂದ್ರೆ ಮೊದಲ ತಿಂಗಳ ಲೆಕ್ಕ ನೋಡಿ ಹೆಂಗಸರ ಕೈಲಿ ಆಗಲ್ಲ ಅಂತ ತೆಗೆದುಹಾಕೋದು ತಪ್ಪು.

ಕಾನೂನು ಏನು ಹೇಳುತ್ತೆ?

 ಲೈಂಗಿಕ ಕಿರುಕುಳ ತಡೆಯೋ 2013ರ ಕಾಯ್ದೆ ಪ್ರಕಾರ 10 ಅಥವಾ ಹೆಚ್ಚು ಜನ ಕೆಲಸ ಮಾಡೋ ಕಡೆ ಆಂತರಿಕ ಸಮಿತಿ ಕಡ್ಡಾಯ. ಅಧ್ಯಕ್ಷರು ಹಿರಿಯ ಮಹಿಳಾ ಉದ್ಯೋಗಿ ಆಗಿರಬೇಕು, ಸದಸ್ಯರಲ್ಲಿ ಅರ್ಧದಷ್ಟಾದ್ರೂ ಮಹಿಳೆಯರಿರಬೇಕು, ಹೊರಗಿನ ಒಬ್ಬರು ಇರಬೇಕು. ದೂರು ಕೊಡೋಕೆ ಘಟನೆ ನಡೆದು 3 ತಿಂಗಳು ಕಾಲಾವಕಾಶ. ತಕ್ಕ ಕಾರಣ ಇದ್ರೆ ಸಮಿತಿ ಇನ್ನೂ 3 ತಿಂಗಳು ಕೊಡಬಹುದು. ಹಿರಿಯ ಹುದ್ದೆಯಲ್ಲಿ ಹೆಂಗಸರೇ ಇಲ್ಲದಿದ್ರೆ ಅಧ್ಯಕ್ಷರನ್ನ ಹುಡುಕೋದೇ ಕಷ್ಟ ಅನ್ನೋದು ಇಲ್ಲಿ ಗೊತ್ತಾಗುತ್ತೆ.

ಏನು ಮಾಡ್ಬಹುದು?

ಹತ್ತಾರು ವರ್ಷ ಹೊಲಿದವರು ಟೈಲರ್ ಆಗೇ ಉಳಿಯೋಕೆ ಒಂದು ಕಾರಣ ವ್ಯಾನ್. ಸೂಪರ್‌ವೈಸರ್ ಆದ್ರೆ ಶಿಫ್ಟ್ ಮುಗಿದ ಮೇಲೂ ಮೀಟಿಂಗ್‌ಗೆ ನಿಲ್ಲಬೇಕು, ವ್ಯಾನ್ ತಪ್ಪಿದ್ರೆ ಹಳ್ಳಿಗೆ ಹೋಗೋದು ಹೇಗೆ? ಮೀಟಿಂಗ್ ಶಿಫ್ಟ್ ಒಳಗೇ ಮುಗಿಸೋದು, ಪರೀಕ್ಷೆ ಮಾಡಿ ಟೈಲರ್‌ಗಳಿಗೇ ಬಡ್ತಿ ಕೊಡೋದು, ಹುದ್ದೆಗೆ ತಕ್ಕ ಸಂಬಳ ಕೊಡೋದು, ಇಷ್ಟು ಮಾಡಿದ್ರೂ ದಾರಿ ತೆರೆಯುತ್ತೆ. ಆಂತರಿಕ ಸಮಿತಿಯ ಆದೇಶವನ್ನ ಎದ್ದು ಕಾಣೋ ಜಾಗದಲ್ಲಿ ಹಾಕೋದು ಮಾಲೀಕರ ಹೊಣೆ. ಇದೆಯಾ ಅಂತ ನಾಳೆ ಒಳಗೆ ಹೋಗುವಾಗ ನೋಡಿ, ಇಲ್ಲದಿದ್ರೆ ಕೇಳಿ.